ಯಾರ ಕೈಕೆಲಸ ಅವರ ಮಡಿಲಿಗೆ

"ದಾಕ್ಷಾಯಣಿ, ಒಲಿ ಆರಿಸಿ ಬಾ! ಇತಿಹಾಸ ಆಗೋದೈತಿ!"

ಪಡಸಾಲೆಯಿಂದ ನಮ್ಮ ಯಜಮಾನರ ಕೂಗು. ಹುಬ್ಬಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಈ ಮಹಾನುಭಾವರಿಂದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಇತಿಹಾಸ ಆಗುತ್ತದೆ. ಕಳೆದ ತಿಂಗಳ ಇತಿಹಾಸದ ಮಸಿ ಅಡುಗೆಮನೆ ಗೋಡೆಯ ಮೇಲೆ ಇನ್ನೂ ಇದೆ.

ಹೋಗಿ ನೋಡಿದರೆ, ನಾಲ್ಕನೇ ಕ್ಲಾಸಿನ ಮಗಳು ಶಾಂಭವಿಯ ಮೇಜಿನ ಮೇಲೊಂದು ವಿಚಿತ್ರ ವಸ್ತು. ರಟ್ಟಿನ ಪೆಟ್ಟಿಗೆ, ಹಾಲಿನಪುಡಿಯ ಎರಡು ಡಬ್ಬಿ, ಕೆಟ್ಟ ಮಿಕ್ಸರಿನ ಮೋಟರು, ಎಂಟು ಸೈಕಲ್ ಕಡ್ಡಿ. ಶಾಲೆಯಿಂದ ಚೀಟಿ ಬಂದಿತ್ತು: 'ಮನೆಯ ರದ್ದಿ ಸಾಮಾನಿನಿಂದ ಪೆನ್ನು, ಪುಸ್ತಕ ಜೋಡಿಸಿಡುವ ಸ್ಟ್ಯಾಂಡನ್ನು ಮಗು ಸ್ವಂತ ಕೈಯಿಂದ ಮಾಡತಕ್ಕದ್ದು.' ಸ್ವಂತ ಕೈ ಎಂದರೆ ತಮ್ಮ ಸ್ವಂತ ಕೈ ಎಂದು ಇವರು ಅರ್ಥಮಾಡಿಕೊಂಡಿದ್ದರು.

"ಅಪ್ಪಾ, ಒಂದು ಡಬ್ಬಿಗರ ನಾ ಬಣ್ಣ ಹಚ್ಚಲೇನು?"

"ನೀ ಹಚ್ಚಿದ್ರ ಗೆರಿ ದಾಟ್ತೈತಿ. ಸುಮ್ನ ನೋಡಿ ಕಲಿ!"

ಆಮೇಲೆ ನನಗೆ ಉಪನ್ಯಾಸ. "ನಾವು ಯಾವ ಸಾಮಾನಿನ ಮ್ಯಾಲೆ ಕೆಲಸ ಮಾಡ್ತೀವೋ ಅದರಾಗ ನಮ್ಮ ಅಂಗೈ ಬೆವರಿನ ಗುರುತು ಉಳೀತೈತಿ. ಈ ಯಂತ್ರ ಅದನ್ನ ಮೂಸಿ, ಸಾಮಾನನ್ನ ಕೆಲಸ ಮಾಡಿದವರ ಕಡೆ ಕಳಸ್ತೈತಿ!"

ಸ್ವಿಚ್ ಒತ್ತಿದರು. ಮಂಚದ ಕೆಳಗಿದ್ದ ಮೊಂಡು ಪೆನ್ಸಿಲ್ ಹಾರಿಬಂದು ಶಾಂಭವಿಯ ಕೈಯಲ್ಲಿ ಕೂತಿತು! ಅವಳು ಚಪ್ಪಾಳೆ ತಟ್ಟುವಷ್ಟರಲ್ಲಿ ಅವಳ ಕಾಪಿ ರೈಟಿಂಗ್ ಪುಸ್ತಕ ಧೊಪ್ಪನೆ ನನ್ನ ಮಡಿಲಿಗೆ ಬಿತ್ತು.

"ಇದ್ಯಾಕ ನಿನ್ನ ಕಡೆ ಬಂತು?"

ಎರಡು ವರ್ಷದಿಂದ ಎಡಗೈಯಲ್ಲಿ ಸೊಟ್ಟ ಅಕ್ಷರ ಬರೆದು ಬರೆದು ನನ್ನ ಮಣಿಕಟ್ಟು ನೋಯುತ್ತಿರುವ ವಿಷಯ ನಾನು ಹೇಳಲಿಲ್ಲ. ಅಷ್ಟರಲ್ಲಿ ಸೌರವ್ಯೂಹದ ಚಾರ್ಟು ಉರುಳುತ್ತ ಹೋಗಿ ಇವರ ಕಾಲಿಗೆ ಸುತ್ತಿಕೊಂಡಿತು.

"ಅದ್ಯಾಕ್ರೀ ನಿಮ್ಮ ಕಡೆ ಬಂತು?"

"ವಾಯರ್ ಸಡ್ಲ ಆಗೈತಿ" ಎಂದು ಗಂಭೀರವಾಗಿ ಬಿಗಿಮಾಡಿದರು. ಹಾಗೆ ಬಿಗಿದದ್ದರಿಂದ ಯಂತ್ರದ ಶಕ್ತಿ ಒಂದು ಕೋಣೆಯಿಂದ ಅರ್ಧ ಕಿಲೋಮೀಟರಿಗೆ ಹಬ್ಬಿದ್ದು ನಮಗೆ ಗೊತ್ತಾದದ್ದು ಶನಿವಾರ, ಶಾಲೆಯ ಪ್ರದರ್ಶನದಲ್ಲಿ.

ಸಭಾಂಗಣದ ತುಂಬ ಐವತ್ತು ಸ್ಟ್ಯಾಂಡುಗಳು. ಒಂಬತ್ತು ವರ್ಷದ ಮಕ್ಕಳ ಕೈಕೆಲಸ ಎಂದರೆ ಹೀಗಿರಬೇಕು! ಒಂದರ ಮೂಲೆಯೂ ಸೊಟ್ಟಗಿಲ್ಲ.

"ಭಾರಿ ಆಗೈತಲ್ಲ! ಯಾರು ಮಾಡಿದ್ದು ಶಾಂಭವಿ?" ಎಂದರು ಕುಲಕರ್ಣಿ ಟೀಚರ್.

ಇವರು ಹಿಂದಿನಿಂದ ಮೊಣಕೈಯಲ್ಲಿ ತಿವಿದರು. ಮಗಳ ಕಿವಿ ಕೆಂಪಾಯಿತು. ನೆಲ ನೋಡುತ್ತ, "ನಾನ... ಮಾಡೇನ್ರಿ" ಎಂದು ಸ್ವಿಚ್ ಒತ್ತಿದಳು.

ಪಕ್ಕದ ಮೇಜಿನ ಐಸ್‌ಕ್ರೀಮ್ ಕಡ್ಡಿಯ ಅರಮನೆ ಎದ್ದು ಬ್ಯಾಂಕ್ ಮ್ಯಾನೇಜರ್ ಒಬ್ಬರ ಎದೆಗೆ ಬಡಿಯಿತು! ಬಳೆಗಳ ಗೋಪುರ ಯಾರದೋ ಅತ್ತಿಗೆಯ ಜಡೆಗೆ ಜೋತುಬಿತ್ತು. ಒಂದೇ ನಮೂನೆಯ ಹನ್ನೊಂದು ಸ್ಟ್ಯಾಂಡುಗಳು ಶಿಸ್ತಾಗಿ ಸಾಲುಗಟ್ಟಿ ಕಿಟಕಿಯಿಂದ ಹೊರಟು, ರಸ್ತೆ ದಾಟಿ, ಎದುರಿನ ಸ್ಟೇಷನರಿ ಅಂಗಡಿಯವನ ತಲೆಯ ಮೇಲೆ ಒಂದೊಂದಾಗಿ ಇಳಿದವು.

"ಬಂದ್ ಮಾಡ್ರೀ!" ಎಂದು ನಾನು ಕಿರುಚಿದೆ.

"ಹೆಂಗ ಮಾಡ್ಲಿ? ಅದು ನನ್ನ ಮ್ಯಾಲೇ ಬರಾಕತ್ತೈತಿ!"

ಬಂದೇಬಿಟ್ಟಿತು. ಎಂಟೂ ಕಡ್ಡಿ ಚಾಚಿ ಇವರನ್ನು ಗಟ್ಟಿಯಾಗಿ ತಬ್ಬಿಕೊಂಡಿತು. ಮೋಟರು ಸುಟ್ಟು ನಿಂತಿತು, ಅಪ್ಪುಗೆ ಮಾತ್ರ ಸಡಿಲಲಿಲ್ಲ.

ಖಾಲಿ ಮೇಜುಗಳ ನಡುವೆ ಶಾಂಭವಿ ಅಳತೊಡಗಿದಳು. "ಸುಳ್ಳ ಹೇಳಿದೆ ಟೀಚರ್. ನಾ ಬಣ್ಣನೂ ಹಚ್ಚಿಲ್ರಿ."

ಟೀಚರ್ ಬೈಯಲಿಲ್ಲ. ಬೈಯುವ ಸ್ಥಿತಿಯಲ್ಲೂ ಇರಲಿಲ್ಲ. ಅವರ ಪಾಠದ ಟಿಪ್ಪಣಿ ಆಗಷ್ಟೇ ಅವರ ಗಂಡನನ್ನು ಹುಡುಕಿಕೊಂಡು ಹೋಗಿತ್ತು. ಶಾಂಭವಿಯ ಕಣ್ಣೊರೆಸಿ, "ಸೋಮವಾರ ಇಲ್ಲೇ ಕೂತು ಮಾಡೂಣು. ಅಪ್ಪ-ಅವ್ವ ಗೇಟಿನ ಹೊರಗ" ಎಂದರು.

ಸೋಮವಾರ ಸಂಜೆ ಶಾಂಭವಿ ಚಪ್ಪಲಿ ಡಬ್ಬಿಯದೊಂದು ಸ್ಟ್ಯಾಂಡ್ ತಂದಳು. ಎಡಕ್ಕೆ ವಾಲಿದೆ, ಬಣ್ಣ ಎಲ್ಲ ಗೆರೆಗಳನ್ನೂ ದಾಟಿದೆ. ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಳು. ಇವರು ನೆಟ್ಟಗೆ ಮಾಡಲು ಕೈ ಚಾಚಿದರು.

"ಮುಟ್ಟಬ್ಯಾಡಪ್ಪಾ! ನಿನ್ನ ಹಿಂದ ಬಂದುಬಿಡ್ತೈತಿ!"

ಕೈ ಹಿಂದೆ ಹೋಯಿತು.

ಯಂತ್ರ ಇನ್ನೂ ಬಿಟ್ಟಿಲ್ಲ. ವೆಲ್ಡಿಂಗ್ ಅಂಗಡಿಯವನೂ ಕೈಮುಗಿದ. ಎದೆಗೆ ಅದನ್ನು ಕಟ್ಟಿಕೊಂಡೇ ಇವರು ಅಂಗಡಿಗೆ ಹೋಗುತ್ತಾರೆ. ಸ್ಕ್ರೂಡ್ರೈವರ್, ಕನ್ನಡಕ, ಸ್ಕೂಟರ್ ಕೀಲಿ ಎಲ್ಲ ಅದರಲ್ಲೇ. ಹದಿಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ, ಒಂದು ವಾರದಿಂದ, "ನನ್ನ ಸಾಮಾನು ಎಲ್ಲಿಟ್ಟಿ?" ಎಂದು ನನ್ನನ್ನು ಕೇಳಿಲ್ಲ.