ಕಿಟ್ಟಿ ಮಾರದ ಮೂರು ಮಿಕ್ಸಿ

ಕಿಟ್ಟಿಯ ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಮಾತು: "ಹೆಂಗಿದ್ದೀರವ್ವ?" ಲೋಕದಲ್ಲಿ ಎಲ್ಲರೂ ಕೇಳುವ ಮಾತೇ ಅದು. ಕೇಳುತ್ತಾರೆ, ಮುಂದಕ್ಕೆ ಹೋಗುತ್ತಾರೆ. ನಮ್ಮ ಕಿಟ್ಟಿ ಪುಣ್ಯಾತ್ಮ ಮಾತ್ರ ಅಲ್ಲೇ ನಿಂತು ಉತ್ತರಕ್ಕೆ ಕಾಯುತ್ತಿದ್ದ.

ಅವನು ನಾಗಮಂಗಲದ ಹೊನ್ನಪ್ಪನವರ ಅಂಗಡಿಯಿಂದ ಹಳ್ಳಿ ಹಳ್ಳಿ ತಿರುಗಿ ಮಿಕ್ಸಿ ಮಾರುವವನು. ಹಳ್ಳಿಗಳಿಗೆ ಕರೆಂಟು ಬಂದು, ಟೀವಿಯೂ ಬಂದು, ಇನ್ನು ಮಿಕ್ಸಿಯೊಂದು ಬರಬೇಕಾಗಿದ್ದ ಕಾಲ ಅದು. ಅಂಗಡಿಯೊಳಗೆ ಕೂತು ಮಾರಲು ಕುಮಾರ ಅಂತ ಇನ್ನೊಬ್ಬನಿದ್ದ. ಗಿರಾಕಿ ಬಂದರೆ ತಲೆ ಎತ್ತಿಯೂ ನೋಡದ ಭೂಪ.

ಆ ಶುಕ್ರವಾರ ಬೆಳಿಗ್ಗೆ ಹೊನ್ನಪ್ಪ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, "ಇಬ್ರನ್ನ ಸಾಕೋ ಸಕ್ತಿ ನಂಗಿಲ್ಲ ಕಣ್ರಲಾ. ಇವತ್ತು ಸಂಜೆ ಒಳ್ಗೆ ಯಾವನು ಮೂರು ಮಿಕ್ಸಿ ಮಾರ್ತಾನೋ ಅವ್ನು ಖಾಯಂ. ಇನ್ನೊಬ್ಬ ಮನೆಗೆ," ಎಂದುಬಿಟ್ಟರು.

ಕಿಟ್ಟಿ ಈ ಕೆಲಸ ಕಳೆದುಕೊಳ್ಳುವಂತಿರಲಿಲ್ಲ. ಅವನು ಮನಸ್ಸಿಟ್ಟಿದ್ದ ಉಮಳ ಅಪ್ಪ ಸಣ್ಣಯ್ಯ, "ಕೆಲ್ಸ ಖಾಯಂ ಆಗ್ಲಿ, ಹೆಣ್ಣು ಕೊಡ್ತೀನಿ. ಇಲ್ದಿದ್ರೆ ಬ್ಯಾರೆ ಕಡೆ ನೋಡ್ಕತೀನಿ," ಎಂದು ಎರಡು ತಿಂಗಳಾಗಿತ್ತು. ತೋರಿಸಲು ಒಂದು ಮಿಕ್ಸಿಯನ್ನು ಚೀಲಕ್ಕೆ ತುರುಕಿಕೊಂಡು, ದೇವರಿಗೆ ಕೈಮುಗಿದು, ಬಿಂಡಿಗನವಿಲೆ ಬಸ್ಸು ಹತ್ತಿದ.

ಮೊದಲು ಸಿಕ್ಕಿದ್ದು ಚಿಕ್ಕಬೋರಮ್ಮನ ಮನೆ.

"ಹೆಂಗಿದ್ದೀರವ್ವ?"

"ಏನೇಳ್ಲಿ ಮಗ, ಸೊಂಟ ಇಡ್ಕಂಡದೆ. ಒಂದಿಷ್ಟು ಖಾರ ರುಬ್ಬಾಕೂ ಆಯ್ತಿಲ್ಲ."

ಬೇರೆ ಯಾವನೇ ಆಗಿದ್ದರೂ ಆ ಮಾತಿಗೇ ಮಿಕ್ಸಿ ತೆಗೆದು ಮುಂದಿಡುತ್ತಿದ್ದ. ಕಿಟ್ಟಿ ಏನು ಮಾಡಿದ ಗೊತ್ತೇ? "ಅಯ್ಯೋ, ಸೊಂಟಕ್ಕೆ ಲಕ್ಕಿಸೊಪ್ಪಿನ ಶಾಖ ಕೊಡ್ಬೇಕವ್ವ, ನಮ್ಮಜ್ಜಿ ಅಂಗೇ ಮಾಡ್ತಿದ್ಲು," ಎಂದು ಸೊಪ್ಪು ಹುಡುಕಿಕೊಂಡು ಕೆರೆ ಏರಿಗೆ ಓಡಿದ.

ಸೊಪ್ಪು ತರುವಾಗ ಪಕ್ಕದ ಮನೆಯ ದ್ಯಾವಮ್ಮ ಅಡ್ಡ ಬಂದಳು. ಅವಳ ಕುರಿ ತಪ್ಪಿಸಿಕೊಂಡಿತ್ತು. ಅದನ್ನು ಮುಳ್ಳುಬೇಲಿಯಿಂದ ಎಳೆದು ತರುವಷ್ಟರಲ್ಲಿ ಕಿಟ್ಟಿಯ ಇಸ್ತ್ರಿ ಪ್ಯಾಂಟು ಮಂಡಿಯ ಹತ್ತಿರ ಬಾಯಿಬಿಟ್ಟಿತ್ತು. ಎದುರು ಮನೆಯ ಯಶೋದಮ್ಮ, ಮಗಳು ಬರೆದ ಕಾಗದ ಹಿಡಿದು ನಿಂತಿದ್ದಳು. ಬಸುರಿ ಮಗಳಿಗೆ ಅವ್ವನ ಕೈಯ ಉಪ್ಪಿನಕಾಯಿ ಬೇಕಂತೆ. ಓದಿದ ಕಿಟ್ಟಿಯೂ ಅತ್ತ, ಕೇಳಿದ ಯಶೋದಮ್ಮನೂ ಅತ್ತಳು.

ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಮುದುಕ ಚಿಕ್ಕಮಾದಯ್ಯ, "ಲೇ, ನೀನು ಮಿಕ್ಸಿ ಮಾರಾಕೆ ಬಂದಿದ್ದೀಯೋ, ಊರ ಅಳಿಯ ಆಗಾಕೆ ಬಂದಿದ್ದೀಯೋ?" ಎಂದು ಎಲೆಅಡಿಕೆ ಉಗಿದ.

ಬೆಳಗಿನಿಂದ ಹೋಗಿದ್ದ ಕರೆಂಟು ಒಂದು ಗಂಟೆಗೆ ಬಂತು. ಚಿಕ್ಕಬೋರಮ್ಮನ ಮನೆಯಲ್ಲಿ ಕಿಟ್ಟಿ ಕಾಯಿ, ಖಾರ ಹಾಕಿ ಗುಂಡಿ ಒತ್ತಿದ. ಗರ್ರೆಂದಿತು, ಬೆಣ್ಣೆಯಂತಾಯಿತು. ಮೂವರು ಹೆಂಗಸರೂ ಮೂಗಿನ ಮೇಲೆ ಬೆರಳಿಟ್ಟರು.

ಕಿಟ್ಟಿ ಬೆಲೆ ಹೇಳಿ, "ತಗತೀರಾ ಅವ್ವ?" ಎಂದ.

ಮೂವರೂ ಮುಖ ಮುಖ ನೋಡಿಕೊಂಡರು. "ಮೊದ್ಲು ಉಣ್ಣು ಮಗ," ಎಂದಳು ಚಿಕ್ಕಬೋರಮ್ಮ.

ಮುದ್ದೆ, ಹುರುಳಿಕಾಳಿನ ಬಸ್ಸಾರು. ಬೇಡವೆಂದರೂ ಎರಡನೇ ಮುದ್ದೆ ಬಿತ್ತು. ಉಂಡವನು ಜಗಲಿಗೆ ಒರಗಿದ್ದಷ್ಟೇ ನೆನಪು. ಕಣ್ಣುಬಿಟ್ಟಾಗ ಮೂರೂ ಮನೆಗೆ ಬೀಗ!

"ಎಲ್ಲೋದ್ರಜ್ಜ?"

"ಮೂರ್ ಗಂಟೆ ಬಸ್ಸತ್ತಿ ನಾಗಮಂಗಲಕ್ಕೋದ್ರು ಕಣ್ಲಾ," ಎಂದ ಚಿಕ್ಕಮಾದಯ್ಯ. "ನಿನ್ ಸೊಪ್ಪಿನ ಶಾಖಕ್ಕೆ ಬೋರಿ ಸೊಂಟ ನೆಟ್ಟಗಾಗ್ಬುಡ್ತು, ಓಡೋಗಿ ಸೀಟಿಡಿದ್ಲು. ದಣ್ದವ್ನೆ ಪಾಪ, ಏಳಿಸ್ಬ್ಯಾಡಿ ಅಂದ್ರು."

ಮುಂದಿನ ಬಸ್ಸು ಹಿಡಿದು ಕಿಟ್ಟಿ ಅಂಗಡಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಒಳಗೆ ಅದೇ ಮೂವರು! ಮುಂದೆ ಮೂರು ಮಿಕ್ಸಿ ಡಬ್ಬ. ಕುಮಾರ ಬೆವರು ಒರೆಸಿಕೊಳ್ಳುತ್ತ ದಾರ ಕಟ್ಟುತ್ತಿದ್ದ.

ಕಿಟ್ಟಿಗೆ ಅಳುವೇ ಬಂತು. "ಅವ್ವ, ನಾನು ಮನೆ ಬಾಗ್ಲಿಗೇ ತಂದಿದ್ನಲ್ಲ! ನನ್ ತಾವ ಯಾಕ್ ತಗೊಳ್ಲಿಲ್ಲ?"

ಚಿಕ್ಕಬೋರಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಸಿವನೆ! ನಿನ್ ತಾವ ಚೌಕಾಸಿ ಮಾಡಾಕಾಯ್ತದಾ ಮಗ? ಮನೆಮಗ ಇದ್ದಂಗೆ ನೀನು. ಕೇಳ್ದಷ್ಟು ಕೊಟ್ರೆ ನಮ್ ವಟ್ಟೆ ಉರೀತದೆ, ಕಮ್ಮಿ ಮಾಡು ಅಂದ್ರೆ ನಿನ್ ವಟ್ಟೆ ಮ್ಯಾಲೆ ವಡ್ದಂಗಾಯ್ತದೆ. ಈ ಮೂದೇವಿ ತಾವಾದ್ರೆ ಬಾಯ್ತುಂಬ ಬೈದು ಕಿತ್ತಾಡ್ಬೋದು. ಒಂದ್ ಗಂಟೆ ಕಿತ್ತಾಡಿದ್ವಿ ನೋಡು!" ಎಂದು ಕುಮಾರನ ಕಡೆ ತಿರುಗಿ, "ಲೇ, ಗಿರಾಕಿನ ಎಂಗೆ ಮಾತಾಡುಸ್ಬೇಕು ಅನ್ನೋದ ಈ ಉಡ್ಗನ್ ನೋಡಿ ಕಲ್ತ್ಕೊ!" ಎಂದಳು.

"ಕಲ್ತ್ಕತೀನವ್ವ," ಎಂದು ಕುಮಾರ ಹಲ್ಲು ಕಿರಿದ.

ಕಿಟ್ಟಿ ಹೊನ್ನಪ್ಪನವರ ಮುಖ ನೋಡಿದ. ಅವರು ಕನ್ನಡಕ ಒರೆಸುತ್ತ, "ಏನ್ ಮಾಡಾದ್ಲಾ ಕಿಟ್ಟಿ, ಮಾರ್ದೋನು ಅವ್ನು. ಆಡಿದ್ ಮಾತು ಆಡಿದ್ದೆ. ನಾಳೆಯಿಂದ ನೀನು ಮನೆಗೆ," ಎಂದರು.

ಅಷ್ಟರಲ್ಲಿ ಬಿಂಡಿಗನವಿಲೆಯ ಕಡೇ ಬಸ್ಸು ಹಾರನ್ ಹೊಡೆಯಿತು. "ಬಿರ್ನೆ ಎತ್ಕೊ ಮಗ, ಟಾಪಿಗೆ ಏರ್ಸು!" ಎಂದು ಮೂವರೂ ಒಂದೊಂದು ಡಬ್ಬ ಕಿಟ್ಟಿಯ ಮೇಲೆ ಹೇರಿದರು. ಮನೆಮಗನಲ್ಲವೇ, ಹೊತ್ತ. ಏಣಿ ಹತ್ತಿ, ಮೂರನ್ನೂ ಹಗ್ಗ ಬಿಗಿದು ಇಳಿದವನಿಗೆ ಬಾಯಿ ಸುಮ್ಮನಿರಬೇಕಲ್ಲ.

"ಈಗ ಸೊಂಟ ಹೆಂಗದವ್ವ?" ಎಂದ, ಎಂದು ಉತ್ತರಕ್ಕೆ ಕಾದ.

"ಉಸಾರಾಗದೆ ಮಗ," ಎಂದಳು ಚಿಕ್ಕಬೋರಮ್ಮ ಕಿಟಕಿಯಿಂದ ತಲೆ ಹಾಕಿ. "ಈ ಮಿಸೀನು ತಿರುಗ್ಸಾದು ನಮಗೆಲ್ಲಿ ಗೊತ್ತಾಯ್ತದೆ, ನಾಳೆ ಬಂದು ತೋರ್ಸ್ಕೊಟ್ಟೋಗು. ನಾಳೆಯಿಂದ ನಿಂಗೆ ಪುರುಸೊತ್ತು ತಾನೆ?"