ಹಾಲಸ್ವಾಮಿಯವರ ಬ್ಯಾಕಪ್ ಕಾವಲು

ಬೇಡದ್ದನ್ನೆಲ್ಲ ಜೋಪಾನ ಮಾಡಿ ಬೇಕಾದ ಒಂದನ್ನೇ ಕೈಬಿಡುವ ಬ್ಯಾಕಪ್ ಸಾಫ್ಟ್‌ವೇರಿಗೆ ತಮ್ಮ ಮೇಲೆ ಯಾವ ಜನ್ಮದ ಹಗೆಯೋ ಎಂದು ಭದ್ರಾವತಿಯ ಜನ್ನಾಪುರದ ಹಾಲಸ್ವಾಮಿಯವರು ಹಲ್ಲು ಕಡಿಯುತ್ತಿದ್ದರು.

ಬೇಕಾದ ಆ ಒಂದು ಎಂದರೆ ಹೆಂಡತಿ ಜಗದಾಂಬಾ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದ ಸೋಬಾನೆ ಹಾಡುಗಳು. ಆಕೆಯ ತಾಯಿ ಮದುವೆಮನೆಗಳಲ್ಲಿ ಹಾಡುತ್ತಿದ್ದಂಥವು. ಹಿಂದಿನ ವರ್ಷ, ಅಂದರೆ ೨೦೦೩ರಲ್ಲಿ, ಹಾರ್ಡ್‌ಡಿಸ್ಕ್ ಕೆಟ್ಟು ಅರವತ್ತು ಹಾಡು ಹೋದಾಗ ಜಗದಾಂಬಾ ಎರಡು ದಿನ ಊಟ ಬಿಟ್ಟಿದ್ದರು. ನೆನಪಾದಷ್ಟನ್ನು ಮತ್ತೆ ಟೈಪು ಮಾಡಿದರು. ಹದಿನೇಳು ಮಾತ್ರ ಏನು ಮಾಡಿದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

ಇನ್ನು ಒಂದು ಸಾಲೂ ಹೋಗಬಾರದೆಂದು ಹಾಲಸ್ವಾಮಿ ಶಿವಮೊಗ್ಗದ ವಿನೋಬನಗರದ ಅಂಗಡಿಯಿಂದ ಇನ್ನೊಂದು ಹಾರ್ಡ್‌ಡಿಸ್ಕನ್ನೂ ಬ್ಯಾಕಪ್ ಸಾಫ್ಟ್‌ವೇರಿನ ಸಿ.ಡಿ.ಯನ್ನೂ ತಂದರು. ದಿನಾ ಸಂಜೆ ನಾಲ್ಕಕ್ಕೆ, ಜಗದಾಂಬಾ ಮಹಿಳಾ ಸಮಾಜಕ್ಕೆ ಹೋದ ಹೊತ್ತಿನಲ್ಲಿ, ಎಲ್ಲವೂ ತಾನಾಗಿ ನಕಲಾಗುವ ಏರ್ಪಾಡು. ಆದರೆ ನಾಲ್ಕೂವರೆಗೆ ಪರದೆಯ ಮೇಲೆ ಕೆಂಪು ಗುರುತು: ಒಂದು ಫೈಲು ಬಿಟ್ಟುಹೋಗಿದೆ. ಯಾವುದು? ಹಾಡಿನದೇ! (ಬೀದಿದೀಪದ ಬಗ್ಗೆ ಅವರು ಬರೆದ ಏಳು ದೂರುಪತ್ರಗಳು ಮಾತ್ರ ವಜ್ರದಂತೆ ಭದ್ರ.)

"ಅಂಕಲ್, ಏನೇನಾಗುತ್ತೆ ಅಂತ ದಿನಾ ಬರೆದಿಡಿ, ಆಮೇಲೆ ನೋಡೋಣ," ಎಂದಳು ಅಂಗಡಿಯ ಇಂಜಿನಿಯರ್ ಶಾಂಭವಿ, ಫೋನಿನಲ್ಲಿ.

ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿದ್ದವರಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೇ? ಅಂದೇ ರಟ್ಟಿನ ರಿಜಿಸ್ಟರ್ ಬಂತು. ತಾರೀಕು, ವೇಳೆ, ವೋಲ್ಟೇಜು, ಹವಾಮಾನ, 'ರೋಗಲಕ್ಷಣ' ಎಂದು ಕೆಂಪು ಶಾಯಿಯಲ್ಲಿ ಗೆರೆ ಬಿದ್ದವು. ವಿದ್ಯುತ್ ಏರಿಳಿತದ ಅನುಮಾನದಿಂದ ಮೂರೂಮುಕ್ಕಾಲಿಗೇ ಮಿಕ್ಸಿ ಬಂದ್, ಫ್ರಿಜ್ ಬಂದ್.

"ರೀ, ನಿಮ್ಮ ರಿಜಿಸ್ಟರಿನ ದೆಸೆಯಿಂದ ಹಾಲು ಒಡೀತು!"

"ಎಷ್ಟು ಗಂಟೆಗೆ?" ಎಂದು ಹಾಲಸ್ವಾಮಿ ಪೆನ್ನಿನ ಮುಚ್ಚಳ ತೆಗೆದರು.

ಮೂರು ವಾರದ ಮೇಲೆ ಗಂಡಹೆಂಡಿರಿಬ್ಬರೂ ರಿಜಿಸ್ಟರ್ ಹಿಡಿದು ವಿನೋಬನಗರಕ್ಕೆ ಹೋದರು. ಶಾಂಭವಿ ಪುಟ ತಿರುವುತ್ತಾ ಒಂದು ಕಡೆ ಬೆರಳಿಟ್ಟಳು.

"ಈ ಎರಡು ದಿನ ಬ್ಯಾಕಪ್ ಸರಿಯಾಗೇ ಆಗಿದ್ಯಲ್ಲ ಅಂಕಲ್?"

"ಅದನ್ನ ನಂಬಬೇಡಮ್ಮ. ಒಂದಿನ ಗಾಜನೂರಿಗೆ ಹೋಗಿದ್ದೆ, ಒಂದಿನ ಹಲ್ಲಿನ ಡಾಕ್ಟ್ರ ಹತ್ರ. ನಾನಿಲ್ದಾಗ ಆಗಿದ್ದಕ್ಕೆ ಸಾಕ್ಷಿ ಯಾರು?"

"ಮನೇಲಿದ್ದಾಗ ನಾಲ್ಕು ಗಂಟೆಗೆ ಏನ್ ಮಾಡ್ತೀರಿ?"

"ಕಾವಲು."

"ಕಾವಲು ಅಂದ್ರೆ?"

ಹಾಲಸ್ವಾಮಿ ಹೆಂಡತಿಯ ಕಡೆ ಓರೆಗಣ್ಣಿನಲ್ಲಿ ನೋಡಿ ದನಿ ತಗ್ಗಿಸಿದರು. "ಹಾಡಿನ ಫೈಲ್ ತೆಗೆದಿಟ್ಕೊಂಡು ಕೂತಿರ್ತೀನಿ."

ಶಾಂಭವಿ ನಗು ತಡೆದುಕೊಂಡಳು. "ತೆರೆದಿರೋ ಫೈಲನ್ನ ಈ ಸಾಫ್ಟ್‌ವೇರ್ ನಕಲು ಮಾಡಲ್ಲ ಅಂಕಲ್. ಬಿಟ್ಟು ಮುಂದಕ್ಕೆ ಹೋಗುತ್ತೆ. ಕಂಪ್ಯೂಟರ್ ಸರಿಯಾಗಿದೆ. ಅಡ್ಡ ಕೂತಿದ್ದು ನೀವು!"

ಫೋರ್‌ಮನ್ನರ ಮುಖ ಫ್ಯೂಸು ಹೋದ ಬಲ್ಬಾಯಿತು. ಜಗದಾಂಬಾ ಸುಮ್ಮನಿರಲಿಲ್ಲ.

"ನಾನಿಲ್ದಾಗ ನನ್ನ ಫೈಲ್ ಯಾಕ್ರೀ ತೆಗೀತಿದ್ರಿ?"

"ಅಕ್ಷರ ಎಲ್ಲಾದ್ರೂ ತಪ್ಪಿದ್ಯಾ ನೋಡೋಣ ಅಂತ."

"ಇಷ್ಟು ದಿನದಲ್ಲಿ ಒಂದು ತಪ್ಪೂ ಹೇಳ್ಲಿಲ್ಲ?"

"ಒಂದೂ ಇರ್ಲಿಲ್ಲ ಮಾರಾಯ್ತಿ."

ಭದ್ರಾವತಿಯ ಬಸ್ಸಿನಲ್ಲಿ ಜಗದಾಂಬಾ ಕೇಳಿದರು, "ಯಾವ ಹಾಡು ಓದ್ತಿದ್ರಿ?"

"ಹೆಣ್ಣು ಒಪ್ಪಿಸೋದು. ನಮ್ಮ ಮದುವೇಲಿ ನಿಮ್ಮಮ್ಮ ಹಾಡಿದ್ರಂತಲ್ಲ. ಆವತ್ತು ನಾನು ಫೋಟೋದವನ ಕಡೆಗೇ ನೋಡ್ತಾ ನಿಂತಿದ್ದೆ. ಕೇಳಿಸ್ಕೊಳ್ಳಲೇ ಇಲ್ಲ."

"ನನ್ನ ಕೇಳಿದ್ರೆ ಹಾಡ್ತಿರ್ಲಿಲ್ವಾ?"

"ಮೂವತ್ತು ವರ್ಷ ಆದ್ಮೇಲೆ ಹೆಂಗೆ ಕೇಳೋದು, ನಾಚಿಕೆ ಆಗಲ್ವಾ?"

ಜಗದಾಂಬಾ ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ, ಇಂಜಿನ್ ಸದ್ದಿನಡಿಯಲ್ಲಿ, ಪಕ್ಕದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಡತೊಡಗಿದರು. ಹಾಲಸ್ವಾಮಿ ಕಣ್ಣು ಮುಚ್ಚಿ ಕೇಳಿದರು. ಮೊದಲ ನುಡಿ, ಎರಡನೆಯದು, ಮಗಳ ಕೈಯನ್ನು ಅಳಿಯನ ಕೈಗಿಡುವ ನುಡಿ. ಹಾಡು ಮುಗಿದು ಅವರು ಕಣ್ಣೊರೆಸಿಕೊಂಡು ನೋಡಿದಾಗ ಜನ್ನಾಪುರದ ಸ್ಟಾಪು ಹಿಂದೆ ಉಳಿದು ಬಹಳ ಹೊತ್ತಾಗಿತ್ತು.

"ಸ್ಟಾಪು ನೋಡ್ಕೊಳ್ಳೋ ಅಷ್ಟೂ ಜ್ಞಾನ ಬೇಡ್ವೇನ್ರೀ!" ಇಳಿದು ಬಿಸಿಲಿನಲ್ಲಿ ವಾಪಸ್ಸು ನಡೆಯುವ ಉದ್ದಕ್ಕೂ ಜಗದಾಂಬಾ ಬೈದರು. ಹಾಲಸ್ವಾಮಿಯವರು ಅದನ್ನೂ ಒಂದಕ್ಷರ ಬಿಡದೆ ಕೇಳಿಸಿಕೊಂಡರು.