ಹೂಂ ಅನ್ನುವವರು ಬೇಕಾಗಿದ್ದಾರೆ

ಬೇರೆಯವರು ಅರ್ಧಕ್ಕೆ ಬಿಟ್ಟ ಕಥೆಯನ್ನು ಮುಂದುವರಿಸಿ ಬರೆಯಲು ಕೂತರೆ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇರುತ್ತದೆ. ನನಗಂತೂ ವಾರಕ್ಕೊಂದು ಗ್ಯಾರಂಟಿ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಮನೆ ನವನಗರದಲ್ಲಿ, ಮಹಡಿಯ ಮೇಲೆ ಎರಡು ಬಾಡಿಗೆ ಕೋಣೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ದಣಿದು ಸುಮ್ಮನಾಗಿದ್ದಾರೆ. ನಾನು ಮತ್ತು ಅವ್ವ ಇಬ್ಬರೇ ಇದ್ದೆವು. ಅವ್ವನಿಗೆ ಒಂದು ಟಿವಿ ಧಾರಾವಾಹಿಯ ಹುಚ್ಚು. ಅದರಲ್ಲಿ ಸೊಸೆ ಜಗಳವಾಡಿ ತವರಿಗೆ ಹೋದವಳು, ಆರು ತಿಂಗಳ ಮೇಲೆ ಪೆಟ್ಟಿಗೆ ಹಿಡಿದು ಅತ್ತೆಯ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಹೋಗುತ್ತಾಳೋ, ತಿರುಗಿ ಹೋಗುತ್ತಾಳೋ ಎನ್ನುವಷ್ಟರಲ್ಲಿ ಚಾನೆಲ್ಲಿನವರು ಧಾರಾವಾಹಿಯನ್ನೇ ನಿಲ್ಲಿಸಿ, ಮರು ಸೋಮವಾರದಿಂದ ಆ ಹೊತ್ತಿಗೆ ಡ್ಯಾನ್ಸ್ ಸ್ಪರ್ಧೆ ಶುರು ಮಾಡಿದರು.

ಅವ್ವ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಆ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳಲ್ಲ, ಕಾಲು ನೋಯುವುದಿಲ್ಲವೇ ಎಂದು ಒಂದೇ ರಾಗ. ಕೊನೆಗೆ ನಾನೇ ದಿನಾ ಸಂಜೆ ರೊಟ್ಟಿ ಬಡಿಯುತ್ತ ಮುಂದಿನ ಕಥೆ ಕಟ್ಟಿ ಹೇಳತೊಡಗಿದೆ. ಅವ್ವ ಗೋಡೆಗೆ ಒರಗಿ ಕೂತು ಹೂಂಗುಟ್ಟುತ್ತಿದ್ದಳು. ಕಥೆ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರಿಗೆ ಅವಮಾನ ಎಂದು ಅವಳ ತವರು ಗರಗದಲ್ಲಿ ಕಲಿಸಿದ್ದರಂತೆ.

ಅವ್ವ ಹೋದ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಎರಡು ತಿಂಗಳು ತಡೆದುಕೊಂಡೆ. ಆಮೇಲೆ ಕಥೆಯನ್ನು ಫೋನಿನ ಒಂದು ಆ್ಯಪಿನಲ್ಲಿ ಕಂತು ಕಂತಾಗಿ ಬರೆದು ಹಾಕಲು ಶುರು ಮಾಡಿದೆ. ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನನಗೆ ಹೆಸರು ಬೇಕಿರಲಿಲ್ಲ. ಯಾರಾದರೂ ಹೂಂ ಅಂದರೆ ಸಾಕಿತ್ತು.

೧. ಲಗೂ ಹಾಕ್ರಿ

ಮೊದಲ ಒಂಬತ್ತು ಕಂತಿಗೆ ಒಂದು ಹೂಂ ಕೂಡ ಬರಲಿಲ್ಲ. ಎಷ್ಟು ಸಲ ಓದಿದ್ದಾರೆ ಎಂದು ತೋರಿಸುವ ಜಾಗದಲ್ಲಿ ನಾಲ್ಕು ಎಂದಿತ್ತು. ಅದರಲ್ಲಿ ಮೂರು ಸಲ ತಪ್ಪು ತಿದ್ದಲು ನಾನೇ ಹೋಗಿದ್ದೆ.

ಹತ್ತನೆಯ ಕಂತಿಗೆ ಒಬ್ಬ ಹೆಣ್ಣುಮಗಳು ಬರೆದಳು: "ಭಾಳ ಛಲೋ ಐತ್ರಿ. ಮುಂದಿನ ಭಾಗ ಲಗೂ ಹಾಕ್ರಿ." ಆ ಖುಷಿಯಲ್ಲಿ ಅಂಗಡಿಗೆ ಬಂದ ಹಿರಿಯರೊಬ್ಬರಿಗೆ ಆಧಾರ್ ಕಾರ್ಡಿನ ಒಂದು ಝೆರಾಕ್ಸ್ ಬದಲು ಹನ್ನೊಂದು ತೆಗೆದುಕೊಟ್ಟೆ. ಆಕೆಗೆ ಒಂದು ಪುಟದ ಉತ್ತರ ಬರೆದೆ. ಅವ್ವನ ಸುದ್ದಿ, ರೊಟ್ಟಿಯ ಸುದ್ದಿ, ಎಲ್ಲ. ಮರುಮಾತು ಬರಲಿಲ್ಲ.

ಈಕೆ ಇನ್ನೇನು ಓದುತ್ತಾಳೆ ನೋಡೋಣ ಎಂದು ಹುಡುಕಿದೆ. ಆ್ಯಪಿನಲ್ಲಿದ್ದ ಎಲ್ಲದರ ಕೆಳಗೂ ಅದೇ ಮಾತು. ಸಮಾಪ್ತ ಎಂದು ಮುಗಿಸಿದ ಕಥೆಗೂ ಮುಂದಿನ ಭಾಗ ಕೇಳಿದ್ದಳು. ಯಾರೋ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ವಿಧಾನ ಬರೆದಿದ್ದರು. ಅದಕ್ಕೂ ಮುಂದಿನ ಭಾಗ ಲಗೂ ಹಾಕಬೇಕಂತೆ.

೨. ಕೆಳಮನೆಯ ಓದು

ಒಂದು ರವಿವಾರ ಮಧ್ಯಾಹ್ನ ಕೆಳಗಿನ ಮನೆ ಮಾಲಕರ ಹೆಂಡತಿ ಚಹಾಕ್ಕೆ ಕರೆದರು. ತಮ್ಮ ಅಕ್ಕನ ವಾಟ್ಸ್ಯಾಪ್ ಗುಂಪಿಗೆ ಒಂದು ಕಥೆ ಬಂದಿದೆ, ಓದುತ್ತೇನೆ ಕೇಳಿ ಎಂದರು. ಎರಡು ಸಾಲು ಓದುವುದರೊಳಗೆ ನಾನು ಚಹಾದ ಕಪ್ಪು ಕೆಳಗಿಟ್ಟೆ. ಅದು ನನ್ನ ಹದಿಮೂರನೆಯ ಕಂತು. ಯಾರೋ ಎತ್ತಿಕೊಂಡು ಹೋಗಿ, ಕೊನೆಯಲ್ಲಿ ಒಬ್ಬ ನಿವೃತ್ತ ಪ್ರಾಚಾರ್ಯರ ಹೆಸರು ಹಾಕಿ ಕಳಿಸಿದ್ದರು.

ಅವರು ಪೂರ್ತಿ ಓದಿದರು. ಸೊಸೆ ಅಳುವ ಕಡೆ ನಿಲ್ಲಿಸಿ, ಆ ಸಾಲನ್ನು ಎರಡು ಸಲ ಓದಿದರು. ನಾನು ಸಾಲು ಸಾಲಿಗೆ ಹೂಂ ಅಂದೆ. ಓದು ಮುಗಿದ ಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಷ್ಟ ಅನುಭವ ಇರಬೇಕು ನೋಡ್ರಿ ಅವರಿಗೆ. ನೀವೂ ಒಬ್ಬಾಕೆನ ಸುಮ್ಮ ಕುಂತಿರ್ತೀರಿ, ಟೈಪಿಂಗೂ ಬರತದ. ಹಿಂಗ ಏನರ ಬರದ್ರ ಹೊತ್ತು ಹೋಗತದ."

ನಾನು ಅದಕ್ಕೂ ಹೂಂ ಅಂದೆ.

೩. ರಸ್ತಾ ಕಾಕಾ

ಆಮೇಲೆ ಒಬ್ಬ ಖರೇ ಓದುಗರು ಸಿಕ್ಕರು. ಒಂದು ಕಂತನ್ನೂ ಬಿಡುತ್ತಿರಲಿಲ್ಲ. ಆದರೆ ಅವರಿಗೆ ಕಥೆಯಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ, ಗಾಡಿಗಳಷ್ಟೇ ಕಾಣುತ್ತಿದ್ದವು. ಸೊಸೆ ಧಾರವಾಡದಿಂದ ಹುಬ್ಬಳ್ಳಿಗೆ ಹದಿನೈದು ನಿಮಿಷದಲ್ಲಿ ಆಟೋದಲ್ಲಿ ಬಂದಳು ಎಂದು ಬರೆದಿದ್ದೆ. ಅದು ಸಾಧ್ಯವೇ ಇಲ್ಲ, ಉಣಕಲ್ ದಾಟುವುದಕ್ಕೇ ಎಷ್ಟು ಹೊತ್ತು ಬೇಕು ಗೊತ್ತೇನು ಎಂದು ತರಾಟೆಗೆ ತೆಗೆದುಕೊಂಡರು. ನಾನು ಅವರಿಗೆ ರಸ್ತಾ ಕಾಕಾ ಎಂದು ಹೆಸರಿಟ್ಟೆ.

ಒಂದು ಕಂತಿನಲ್ಲಿ ಮಾವನಿಗೆ ಎದೆನೋವು ಬಂದು ಆ್ಯಂಬುಲೆನ್ಸ್ ಬರುತ್ತದೆ. ದಾರಿಯಲ್ಲೇ ಅವರು ಸೊಸೆಯ ಹೆಸರು ಹೇಳಿ ಕಣ್ಣು ಮುಚ್ಚುತ್ತಾರೆ. ಅದನ್ನು ಬರೆಯುವಾಗ ನಾನು ಅವ್ವನನ್ನು ನೆನೆದು ಅತ್ತುಬಿಟ್ಟಿದ್ದೆ. ರಸ್ತಾ ಕಾಕಾನಿಗೂ ಕರುಳು ಚುರ್ ಅಂದಿರಬೇಕು ಎಂದು ಫೋನ್ ತೆರೆದೆ.

"ಆ್ಯಂಬುಲೆನ್ಸ್ ಯಾವ ರಸ್ತಾದಾಗಿಂದ ಹೋತ್ರಿ? ಬಸ್ಸಿನ ಲೇನಿನಾಗ ಹೋಗಿದ್ರ ಮುಟ್ಟತಿತ್ತು."

೪. ಗರಗದ ಅಕ್ಕ

ಒಬ್ಬ ರಸ್ತಾ ಕಾಕಾನನ್ನು ನಂಬಿ ಎಷ್ಟು ದಿನ ಬರೆಯುವುದು? ಹೂಂ ಅನ್ನುವವರು ಇಲ್ಲದಿದ್ದರೆ ನಾವೇ ಹುಟ್ಟಿಸಿಕೊಳ್ಳಬೇಕು ಎಂದು ಇನ್ನೊಂದು ಖಾತೆ ತೆರೆದೆ. ಗರಗದಲ್ಲಿ ಖಾದಿ ನೂಲುವ ಹೆಂಗಸು ಎಂದು ಬರೆದು, ರಾಟೆಯ ಚಿತ್ರ ಹಾಕಿದೆ. ನಾನು ಕಂತು ಹಾಕಿದ ಕೂಡಲೇ ಗರಗದ ಅಕ್ಕ ಬಂದು ಹೂಂ, ಮುಂದೇನಾತು ಎನ್ನುತ್ತಿದ್ದಳು. ಅವ್ವ ಅನ್ನುತ್ತಿದ್ದ ಹಾಗೇ. ಸ್ವಂತ ಕೈಯಿಂದ ಟೈಪು ಮಾಡಿದ್ದು ಎಂದು ಗೊತ್ತಿದ್ದೂ ಅದನ್ನು ಓದಿದಾಗ ಎದೆ ಹಗುರಾಗುತ್ತಿತ್ತು. ನಾಚಿಕೆಯ ಮಾತು, ಆದರೆ ಖರೇ.

ಮೆಲ್ಲಗೆ ಮತ್ತಿಬ್ಬರು ಓದುಗರು ಬಂದರು. ಒಬ್ಬಾಕೆ ತನ್ನನ್ನು ವಿದ್ಯಾನಗರದ ಸೊಸೆ ಎಂದು ಕರೆದುಕೊಂಡಿದ್ದಳು, ಇನ್ನೊಬ್ಬಾಕೆ ಮನೆಯ ಹಿರಿಯಾಕೆ ಎಂದು. ಇಬ್ಬರೂ ನನ್ನನ್ನು ಮಾತಾಡಿಸದೆ ನೇರವಾಗಿ ಗರಗದ ಅಕ್ಕನ ಯೋಗಕ್ಷೇಮ ವಿಚಾರಿಸತೊಡಗಿದರು. ಊಟ ಆಯಿತೇ, ಮಂಡಿನೋವು ಹೇಗಿದೆ ಎಂದು ಕೇಳುವರು. ನನಗೆ ಮೂರು ದಿನ ಜ್ವರ ಬಂದು ಕಂತು ತಪ್ಪಿದರೂ ಯಾರೂ ಕೇಳಲಿಲ್ಲ. ಅಕ್ಕ ಕಾಣಲಿಲ್ಲವಲ್ಲ ಎಂದು ಎಲ್ಲರಿಗೂ ಚಿಂತೆ.

ಒಂದು ದಿನ ಹಿರಿಯಾಕೆ ಅವಳಿಗೆ ಬರೆದಳು: "ಅಕ್ಕಾರ, ಈ ಬರಿಯಾಕಿಗಿಂತ ನೀವ ಛಲೋ ಬರೀತೀರಿ. ನೀವ ಯಾಕ ಒಂದು ಕಥಿ ಬರೀಬಾರ್ದು?" ಹೊಟ್ಟೆಕಿಚ್ಚಿನಿಂದ ನಾನು ಎರಡು ದಿನ ಗರಗದ ಅಕ್ಕನಿಗೆ ಬಾಯಿ ಬಿಡಲು ಕೊಡಲಿಲ್ಲ.

೫. ಬೋರ್ಡು

ನಲವತ್ತು ಕಂತಾದರೂ ನನ್ನ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಹಿಂದಿನದೆಲ್ಲ ನೆನಪಿಸಿಕೊಳ್ಳುತ್ತ ನಿಂತಿದ್ದಾಳೆ ಎಂದು ಎಳೆಯುತ್ತಿದ್ದೆ. ಅವಳು ಒಳಗೆ ಹೋದರೆ ಕಥೆ ಮುಗಿಯುತ್ತದೆ, ಕಥೆ ಮುಗಿದರೆ ನನ್ನ ಸಂಜೆ ಮತ್ತೆ ಬರಿದಾಗುತ್ತದೆ. ಅದಕ್ಕೇ ಹೆದರಿದ್ದೆ.

ಓದುಗರಲ್ಲಿ ಜಗಳ ಶುರುವಾಯಿತು. ಒಳಗೆ ಹೋಗಲಿ ಎಂದು ಗರಗದ ಅಕ್ಕ. ಮರ್ಯಾದೆ ಇದ್ದರೆ ತಿರುಗಿ ಹೋಗಲಿ ಎಂದು ವಿದ್ಯಾನಗರದ ಸೊಸೆ. ಬಂದರೂ ಬಾಗಿಲು ತೆಗೆಯಬಾರದು ಎಂದು ಹಿರಿಯಾಕೆ. ಒಬ್ಬಳ ಮೇಲೆ ಇಬ್ಬರು ಬಿದ್ದದ್ದು ನೋಡಲಾಗದೆ, ಅಕ್ಕನ ಪರವಾಗಿ ನವಲಗುಂದದ ವಕೀಲರನ್ನು ಹುಟ್ಟಿಸಿದೆ. ಮೂರನೆಯ ಖಾತೆ. ವಕೀಲರು ಕಲಮು ಗಿಲಮು ಎಂದು ಏನೇನೋ ಹೇಳಿದರು. ನಡುವೆ ರಸ್ತಾ ಕಾಕಾ ಬಂದು, ತಿರುಗಿ ಹೋಗುವುದಿದ್ದರೆ ಬೇಗ ಹೋಗಲಿ, ಬಸ್ಸು ತಪ್ಪುತ್ತದೆ ಎಂದರು.

ಆ ದಿನಗಳಲ್ಲಿ ನಾನು ಅಂಗಡಿ ಮುಚ್ಚಿ ಓಡಿ ಬಸ್ಸು ಹಿಡಿಯುತ್ತಿದ್ದೆ. ಮನೆ ತುಂಬ ನೆಂಟರು ಬಂದು ಕೂತಂತೆ ಅನ್ನಿಸುತ್ತಿತ್ತು. ಆದರೆ ಒಂದು ಸಂಜೆ ಹಿರಿಯಾಕೆ ಮಿತಿ ಮೀರಿದಳು. ಗರಗದ ಅಕ್ಕನಿಗೆ, ನಿನ್ನ ಸೊಸೆ ನಿನ್ನ ಮನೆಯಲ್ಲಿ ಎಷ್ಟು ದಿನ ಬಾಳಿದಳು, ಅದನ್ನು ಮೊದಲು ಹೇಳು ಎಂದು ಕೇಳಿದಳು. ಇಲ್ಲದ ಹೆಂಗಸಿನ, ಇಲ್ಲದ ಮಗನ, ಇಲ್ಲದ ಸೊಸೆಯ ಸಲುವಾಗಿ ನಾನು ನಿಜವಾಗಿ ಕಣ್ಣೀರು ಹಾಕಿದೆ.

ಮರುದಿನ ಆ್ಯಪಿನಲ್ಲಿ ಓದುಗರಿಗೆ ಒಂದು ಬೋರ್ಡು ಬರೆದು ಹಾಕಿದೆ. ಅಂಗಡಿಯಲ್ಲಿ ಬೋರ್ಡು ಬರೆದು ರೂಢಿಯಿತ್ತು. ಓದಿ ಸುಮ್ಮನೆ ಹೋಗಬೇಡಿ, ಹೂಂ ಅನ್ನಿ. ಮುಂದಿನ ಭಾಗಕ್ಕೆ ಅವಸರ ಮಾಡಬೇಡಿ. ಕಥೆ ಎತ್ತಿಕೊಂಡು ಹೋಗಿ ಪ್ರಾಚಾರ್ಯರ ಹೆಸರು ಹಾಕಬೇಡಿ. ಬರೆಯುವವರು ಯಾರು, ಎಲ್ಲಿಯವರು ಎಂದು ಕೆದಕಬೇಡಿ. ಒಬ್ಬ ಓದುಗರು ಇನ್ನೊಬ್ಬ ಓದುಗರ ಮನೆಯ ವಿಷಯ ಎತ್ತಬೇಡಿ. ತಪ್ಪಿದವರು ದಯವಿಟ್ಟು ಬರಬೇಡಿ.

ಎಲ್ಲರೂ ಬೋರ್ಡನ್ನು ಚಾಚೂ ತಪ್ಪದೆ ಪಾಲಿಸಿದರು, ಯಾರೂ ಬರಲಿಲ್ಲ. ಮೂರು ದಿನದ ಮೇಲೆ ಬೋರ್ಡಿನ ಕೆಳಗೆ ಒಂದೇ ಒಂದು ಮಾತು ಬಂತು. "ಭಾಳ ಛಲೋ ಐತ್ರಿ. ಮುಂದಿನ ಭಾಗ ಲಗೂ ಹಾಕ್ರಿ."

೬. ತಪ್ಪೊಪ್ಪಿಗೆ

ಎರಡು ವಾರ ಕಾದೆ. ಗರಗದ ಅಕ್ಕನಿಂದ ಹೂಂ ಅನ್ನಿಸಿಕೊಳ್ಳಲೂ ಮನಸ್ಸು ಬರಲಿಲ್ಲ. ಓದುವವರು ಇಲ್ಲ, ಈ ಶನಿವಾರ ಕಥೆ ತೆಗೆದುಹಾಕುತ್ತೇನೆ ಎಂದು ಬರೆದು ಹಾಕಿದೆ.

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಚಾಚಿ ಬಂದರು. ಅರವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಎರಡು ಫೋನು. ಒಂದು ಕಥೆಯನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡಬೇಕು, ನಾಳೆ ಅದು ಹೋಗಿಬಿಡುತ್ತದೆ ಎಂದರು. ಫೋನು ನೋಡಿದೆ. ನನ್ನ ಸೊಸೆ ಅದರಲ್ಲಿ ಬಾಗಿಲ ಮುಂದೆ ನಿಂತಿದ್ದಳು.

ನಾನು ಬಾಯಿ ಬಿಡಲಿಲ್ಲ. ಬರೆಯುವವರು ಯಾರು ಎಂದು ಕೆದಕಬಾರದು ಎಂದು ಬೋರ್ಡು ಹಾಕಿದವಳು ನಾನೇ. ಯಂತ್ರ ಹಾಳೆ ಉಗುಳತೊಡಗಿತು. ಚಾಚಿ ಸ್ಟೂಲಿನ ಮೇಲೆ ಕೂತು, ಬರೆಯುವಾಕೆಗೆ ಒಂದು ಮಾತು ಕಳಿಸುವುದಿದೆ, ನನಗೆ ಫೋನಿನಲ್ಲಿ ಉದ್ದಕ್ಕೆ ಬರೆಯಲು ಬರುವುದಿಲ್ಲ, ನೀವು ಟೈಪು ಮಾಡಿರಿ ಎಂದರು. ನಾನು ಕೀಲಿಮಣೆಯ ಮುಂದೆ ಕೂತೆ. ಅವರು ಹೇಳುತ್ತ ಹೋದರು.

"ಬಾಯಾರ, ತಪ್ಪು ನಂದು. ಆ ಜಗಳಾಡಿದ ಹಿರಿಯಾಕಿ ನಾನ. ವಿದ್ಯಾನಗರದ ಸೊಸಿನೂ ನಾನ. ಒಬ್ಬಾಕೆನ ಓದಾಕತ್ತೇನಿ ಅಂತ ಗೊತ್ತಾದ್ರ ನೀವು ಬರಿಯೋದು ಬಿಡ್ತೀರಿ ಅಂತ ಮೂರು ಮಂದಿ ಆಗಿದ್ದೆ."

ಮೂರನೆಯವರು ಯಾರು ಎಂದು ನಾನು ಕೇಳಿದೆ. ಚಾಚಿ ಇನ್ನೊಂದು ಫೋನನ್ನು ಸೆರಗಿನಿಂದ ಒರೆಸಿದರು.

"ರಸ್ತಾದ್ದು ಕೇಳತಾರಲ್ರಿ, ಅವರು. ಇದು ನಮ್ಮನಿಯವರ ಫೋನ್ರಿ. ಮೂವತ್ತು ವರ್ಷ ಬಸ್ ಓಡಿಸಿದ್ರು. ಹೋದಮ್ಯಾಗ ಫೋನು ಸುಮ್ಮ ಬಿದ್ದಿತ್ತು. ಅವರಿದ್ದಿದ್ರ ಈ ಕಥ್ಯಾಗ ಏನ್ ಕೇಳತಿದ್ರು ಅಂತ ವಿಚಾರ ಮಾಡಿ, ಅದನ್ನ ಬರೀತಿದ್ದೆ."

ನನ್ನ ಕೈ ನಿಂತುಬಿಟ್ಟಿತು. ಅಷ್ಟು ದಿನದ ಆ ಜಗಳವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಿರಿಯಾಕೆ, ಸೊಸೆ, ಕಾಕಾ ಅವರ ಕಡೆ. ಅಕ್ಕ, ವಕೀಲರು ನನ್ನ ಕಡೆ. ಐದು ಜನ ಸೇರಿ ಊರು ಎದ್ದು ಕೂರುವಂತೆ ಬಡಿದಾಡಿದ್ದೆವು. ಇದ್ದವರು ಇಬ್ಬರೇ, ಮನೆಯಲ್ಲಿ ಮಾತಾಡಿಸುವವರಿಲ್ಲದ ಇಬ್ಬರು ಹೆಂಗಸರು.

"ಯಾಕ್ರಿ, ಕರೆಂಟ್ ಹೋತೇನ್ರಿ?" ಎಂದರು ಚಾಚಿ. ಇಲ್ಲ ಎಂದೆ. ಹಾಗಾದರೆ ಗರಗದ ಅಕ್ಕನಿಗೂ ಬೇರೆ ಒಂದು ಕಾಗದ ಬರೆಯಿರಿ, ಆಕೆಗೆ ಅನ್ನಬಾರದ ಮಾತು ಅಂದೆ, ಆಕೆಯ ಕೂಡ ಜಗಳಾಡಲಿಕ್ಕೆ ಅಂತಲೇ ದಿನಾ ಏಳುತ್ತಿದ್ದೆ ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಇನ್ನು ತಡೆಯಲಾಗಲಿಲ್ಲ.

"ಆಕಿಗೆ ಕಾಗದ ಬ್ಯಾಡ್ರಿ ಚಾಚಿ. ಆಕಿ ನಾನ. ವಕೀಲರೂ ನಾನ. ಬರಿಯಾಕಿನೂ ನಾನ."

ಚಾಚಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡು ನಾನು ಎದ್ದು ನಿಂತೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು.

"ಹಂಗಾರ ಆ ತಪ್ಪಾತು ಅನ್ನೋದನ್ನ ಅಳಸ್ರಿ ಮೊದಲ. ಎದುರಿಗೇ ಸಿಕ್ಕೀರಿ. ಈಗ ಹೇಳ್ರಿ, ಆ ಹುಡುಗಿ ಒಳಗ ಯಾಕ ಹೋಗಬೇಕು?"

ನಾನೂ ಬಿಡಲಿಲ್ಲ. ಹೋಗಬೇಕು ಎಂದು ನಾನು, ಹೋಗಕೂಡದು ಎಂದು ಅವರು. ಪ್ರಿಂಟ್ ಮುಗಿದು ಯಂತ್ರ ಸುಮ್ಮನಾಯಿತು, ನಾವು ಆಗಲಿಲ್ಲ. ಮಾರ್ಕ್ಸ್ ಕಾರ್ಡಿನ ಝೆರಾಕ್ಸಿಗೆ ಬಂದ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಹೆದರುತ್ತ ಕೇಳಿದಳು.

"ನೀವಿಬ್ರೂ ಒಂದ ಮನಿಯವರೇನ್ರಿ?"

ಅಲ್ಲ ಅನ್ನಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.